ಮನೆ ಕಟ್ಟೋಕೆ ಪುರಸಭೆ ಲೈಸೆನ್ಸ್: ಕಾಗದದಲ್ಲಿ ರಸ್ತೆ ಪೂರ್ವಕ್ಕೆ, ನೆಲದ ಮೇಲೆ ಪಶ್ಚಿಮಕ್ಕೆ. ಏನು ಮಾಡೋದು?

ಕಟ್ಟಿನೋಡು

ಎಲ್ಲರಿಗೂ ನಮಸ್ಕಾರ. ಉದ್ದ ಆಗುತ್ತೆ, ಚಹಾ ಹಿಡಿದುಕೊಂಡೇ ಓದಿ.

ಅಪ್ಪ 1987ರಲ್ಲಿ ನಮ್ಮೂರಲ್ಲಿ ಒಂದು 30×40 ಅಡಿಯ ಸೈಟು (13ನೇ ನಂಬರ್) ತಗೊಂಡಿದ್ದರು. ಚಿಕ್ಕ ಊರು, ಪುರಸಭೆ. ಊರ ಹೆಸರು ಬರೆಯೋಲ್ಲ, ಬರೆದರೆ ನಾಳೆಯೇ ನನ್ನ ಫೈಲು ಕಟ್ಟಿನ ತಳಕ್ಕೆ ಹೋಗುತ್ತೆ. ಇಷ್ಟು ವರ್ಷ ಆ ಸೈಟಿನಲ್ಲಿ ಇದ್ದದ್ದು ಒಂದು ನುಗ್ಗೆ ಮರ ಮತ್ತೆ ಪಕ್ಕದವರ ಸೌದೆ. ಈಗ ಅಪ್ಪನಿಗೆ 74. ಸ್ವಂತ ಮನೆಯ ಜಗಲಿ ಮೇಲೆ ಕೂತು ಪೇಪರ್ ಓದಬೇಕು ಅನ್ನೋದೊಂದೇ ಆಸೆ. ನನ್ನ ಕೆಲಸ ಬೆಂಗಳೂರಲ್ಲಿ, ಶುಕ್ರವಾರ ರಜೆ ಹಾಕಿ ಹಾಕಿ ಊರಿಗೆ ಓಡಾಡುತ್ತಿದ್ದೇನೆ.

ಮೊದಮೊದಲು ಎಲ್ಲ ಸಲೀಸಾಗಿತ್ತು. ಇ-ಖಾತೆ (ಪುರಸಭೆಯ ಆಸ್ತಿ ದಾಖಲೆ) ಆಗಿದೆ, ತೆರಿಗೆ ಬಾಕಿ ಇಲ್ಲ, ಇಸಿಯನ್ನು (ಋಣಭಾರ ಪ್ರಮಾಣಪತ್ರ) ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ತೆಗೆದೆ. ಲೈಸೆನ್ಸ್ ಇರುವ ಇಂಜಿನಿಯರ್ ನಕ್ಷೆ ಮಾಡಿ ಆನ್‌ಲೈನ್‌ನಲ್ಲಿ ಹಾಕಿದರು. ಹತ್ತು ದಿನದ ಮೇಲೆ ಜೆಇ (ಪುರಸಭೆಯ ಜೂನಿಯರ್ ಇಂಜಿನಿಯರ್) ಸ್ಥಳ ನೋಡೋಕೆ ಬಂದರು. ಹಿಂದಿನ ರಾತ್ರಿ ಮಳೆ ಬಂದು ಸೈಟೆಲ್ಲ ಕೆಸರು. ಟೇಪಿನ ಒಂದು ತುದಿ ಅಪ್ಪನ ಕೈಲಿ, ಇನ್ನೊಂದು ಅವರ ಜೊತೆ ಬಂದ ಹುಡುಗನ ಕೈಲಿ. ಅಗಲ 29 ಅಡಿ 4 ಇಂಚು ಬಂತು. ಅಪ್ಪ ಒಪ್ಪಲಿಲ್ಲ. "ಟೇಪು ಜೋತುಬಿದ್ದಿದೆ, ಬಿಗಿಯಾಗಿ ಎಳಿಯಪ್ಪ" ಅಂದರು. ಎಳೆದ ಮೇಲೆ 29 ಅಡಿ 3 ಇಂಚು. ಇದ್ದ ಒಂದು ಇಂಚೂ ಹೋಯಿತು.

ಅದಾದರೂ ಪರವಾಗಿಲ್ಲ. ಆಮೇಲೆ ಅವರು ಕ್ರಯಪತ್ರದ ಜೆರಾಕ್ಸ್ ತೆಗೆದು ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ, ಓದಿದರು. "ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ 14ನೇ ನಂಬರ್ ಸೈಟು." ನೆಲದ ಮೇಲೆ ರಸ್ತೆ ಇರೋದು ಪಶ್ಚಿಮಕ್ಕೆ. ಸೂರ್ಯ ಹುಟ್ಟೋದು 14ನೇ ಸೈಟಿನವರ ನೀರಿನ ಟ್ಯಾಂಕಿನ ಹಿಂದಿನಿಂದ. ಅವತ್ತು ಟೈಪ್ ಮಾಡಿದವರು ಎರಡು ದಿಕ್ಕು ಅದಲುಬದಲು ಮಾಡಿಬಿಟ್ಟಿದ್ದಾರೆ, ಇಷ್ಟು ವರ್ಷ ನಾವ್ಯಾರೂ ನೋಡಿಲ್ಲ. ಇ-ಖಾತೆ ಮಾಡುವಾಗಲೂ ಕ್ರಯಪತ್ರದಲ್ಲಿ ಇದ್ದದ್ದನ್ನೇ ಹಾಗೇ ಏರಿಸಿದ್ದಾರೆ. ಕಾಗದದ ಪ್ರಕಾರ ನಮ್ಮ ಮುಂಬಾಗಿಲು ತೆರೆದರೆ ಎದುರಿಗೆ ಪಕ್ಕದವರ ಬಚ್ಚಲಮನೆ.

ಫೈಲು ವಾಪಸ್ ಬಂತು. ಸೈಟು ಮಾರಿದವರು ತೀರಿಕೊಂಡು ಎಷ್ಟೋ ವರ್ಷ ಆಯಿತು. ಆಫೀಸಿನ ಎದುರಿನ ಚಹಾ ಅಂಗಡಿಯಲ್ಲಿ ಒಬ್ಬರು ಹತ್ತಿರ ಬಂದು "ಹದಿನೈದು ಸಾವಿರ ಕೊಡಿ, ದಿಕ್ಕು ನಾನು ತಿರುಗಿಸ್ತೀನಿ" ಅಂದರು. ಅಪ್ಪ "ಸೂರ್ಯಂದೂ ಸೇರಿ ಹದಿನೈದಾ?" ಅಂತ ಕೇಳಿ ಎದ್ದು ಬಂದರು.

ಇಂಥದ್ದು ಯಾರಿಗಾದರೂ ಆಗಿದೆಯಾ? ಎಲ್ಲಿಂದ ಶುರು ಮಾಡಲಿ?

ರೊಟ್ಟಿಪಲ್ಯ

ಅಣ್ಣಾ, ನಮ್ ಕಡೆ ಆಗಿದ್ರ ಇಷ್ಟೊತ್ತಿಗೆ ಸ್ಲ್ಯಾಬ್ ಬಿದ್ದಿರತಿತ್ತು. ನಮ್ಮ ಓಣಿಯೊಳಗ ಯಾರ ಮನೆಗೂ ಲೈಸೆನ್ಸ್ ಇಲ್ಲ. ಸೈಟು ನಿಮ್ಮದು, ರೊಕ್ಕ ನಿಮ್ಮದು. ಸುಮ್ನೆ ಕಟ್ಟಿಬಿಡ್ರಿ, ಆಮ್ಯಾಲೆ ದಂಡ ತುಂಬಿದ್ರಾತು.

ಪ್ಲಿಂತ್‌ಮಟ್ಟ

ನಾನು ಒಂದು ತಾಲ್ಲೂಕು ಕೇಂದ್ರದಲ್ಲಿ ಸಿವಿಲ್ ಇಂಜಿನಿಯರ್, ಹದಿನಾರು ವರ್ಷದಿಂದ ಇದೇ ಕೆಲಸ. ಮೊದಲು ರೊಟ್ಟಿಪಲ್ಯ ಅವರಿಗೆ ಉತ್ತರ ಕೊಡ್ತೀನಿ, ಯಾಕಂದ್ರೆ ಈ ಮಾತನ್ನು ವಾರಕ್ಕೆ ನಾಲ್ಕು ಜನ ನನಗೆ ಹೇಳ್ತಾರೆ.

ದಂಡ ಕಟ್ಟಿ ಸಕ್ರಮ ಮಾಡಿಸೋದು ಅಂದ್ರೆ ಯಾವ ಕಿಟಕಿಯಲ್ಲಿ ಕಟ್ತೀರಿ? ಸರ್ಕಾರದ ಅಕ್ರಮ ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. ಅದನ್ನು ನಂಬಿಕೊಂಡು ಕಟ್ಟಿದವರು ಎಷ್ಟೋ ಜನ ಇವತ್ತಿಗೂ ಅದೇ ಫೈಲು ಹಿಡಿದುಕೊಂಡು ಕೂತಿದ್ದಾರೆ. ಇನ್ನೊಂದು, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು: ಓಸಿ (ಕಟ್ಟಡ ವಾಸಕ್ಕೆ ಸಿದ್ಧ ಅನ್ನೋ ಪ್ರಮಾಣಪತ್ರ) ನೋಡಿಯೇ ಕರೆಂಟು, ನೀರು ಕೊಡಬೇಕು, ಬ್ಯಾಂಕಿನವರೂ ಅದನ್ನು ನೋಡಿಯೇ ಸಾಲ ಕೊಡಬೇಕು ಅಂತ. ಅದಾದ ಮೇಲೆ 2025ರಲ್ಲಿ ನಮ್ಮ ಎಸ್ಕಾಂಗಳು (ಕರೆಂಟು ಕಂಪನಿಗಳು) ಕಾಗದ ಕೇಳೋಕೆ ಶುರು ಮಾಡಿದವು. ನನ್ನ ಹತ್ತಿರ ಬಂದ ಒಬ್ಬರು ಮೂರು ಅಂತಸ್ತು ಕಟ್ಟಿ, ಟೈಲ್ಸ್ ಹಾಕಿ, ಬಣ್ಣ ಹೊಡೆದು, ಗೃಹಪ್ರವೇಶದ ಪತ್ರಿಕೆಯನ್ನೂ ಹಂಚಿದ್ದರು. ಕರೆಂಟು ಮಾತ್ರ ಕಟ್ಟಡದ ಕೆಲಸಕ್ಕೆ ತಗೊಂಡಿದ್ದ ತಾತ್ಕಾಲಿಕ ಮೀಟರಿನದೇ. ಅದರ ದರ ಗೊತ್ತಲ್ಲ. ಬೆಂಗಳೂರಲ್ಲಿ 30×40 ಒಳಗಿನವರಿಗೆ ಓಸಿ ವಿಷಯದಲ್ಲಿ ಆಮೇಲೆ ವಿನಾಯಿತಿ ಬಂತು ನಿಜ. ಆದರೆ ಓಸಿ ವಿನಾಯಿತಿ ಬೇರೆ, ಲೈಸೆನ್ಸೇ ಇಲ್ಲದೆ ಕಟ್ಟೋದು ಬೇರೆ. ಇವೆರಡನ್ನು ಕಲಸಬೇಡಿ.

ಈಗ ಕಟ್ಟಿನೋಡು ಅವರ ವಿಷಯ. ನಿಮ್ಮದು ಎರಡು ಕಾಯಿಲೆ, ಎರಡಕ್ಕೂ ಬೇರೆ ಬೇರೆ ಔಷಧಿ.

ಅಗಲ ಕಡಿಮೆ ಬಂದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕಾಗದ, ನೆಲ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿದು ನಕ್ಷೆ ಮಾಡೋದು ನಮ್ಮ ಪದ್ಧತಿ. 29 ಅಡಿ 3 ಇಂಚಿಗೆ ಹೊಸ ನಕ್ಷೆ ಮಾಡಿಸಿ, ಜೊತೆಗೊಂದು ಅಫಿಡವಿಟ್ ಕೊಡಿ. ನೆಲದಲ್ಲಿ ಜಾಸ್ತಿ ಬಂದಿದ್ದರೆ ನಿಜವಾದ ತಲೆನೋವು. ಆ ಜಾಸ್ತಿ ಯಾರದ್ದು ಅಂತ ಶುರುವಾಗುತ್ತೆ, ರಸ್ತೆಯದಾ, ಪಕ್ಕದವರದಾ, ಚರಂಡಿಯದಾ ಅಂತ.

ದಿಕ್ಕಿನ ತಪ್ಪಿಗೆ ಸುಲಭದ ದಾರಿ ಇಲ್ಲ. ತಿದ್ದುಪಡಿ ಪತ್ರ ನೋಂದಣಿ ಮಾಡಿಸಬೇಕು. ಮಾರಿದವರು ಇಲ್ಲ ಅಂದರೆ ಅವರ ವಾರಸುದಾರರೆಲ್ಲ ಬಂದು ಸಹಿ ಹಾಕಬೇಕು. ಎಲ್ಲ ಅಂದರೆ ಎಲ್ಲರೂ, ಮದುವೆ ಆಗಿ ಹೋದ ಹೆಣ್ಣುಮಕ್ಕಳೂ ಸೇರಿ.

ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಇದನ್ನು ನಿಮ್ಮ ಇಂಜಿನಿಯರ್ ಮೊದಲೇ ಹಿಡಿಯಬೇಕಿತ್ತು. ಸೈಟಿಗೆ ಹೋಗದೆ ಕ್ರಯಪತ್ರ ನೋಡಿ ನಕ್ಷೆ ಎಳೆಯೋರು ನಮ್ಮಲ್ಲಿ ಬಹಳ ಜನ ಇದ್ದಾರೆ. ನಾನೂ ಮೊದಲ ಎರಡು ವರ್ಷ ಅದನ್ನೇ ಮಾಡಿದೆ.

ಕಟ್ಟಿನೋಡು

ನಕ್ಷೆ ಎಳೆದವರು ಸೈಟಿಗೆ ಬಂದಿದ್ದರು. ಸ್ಕೂಟರ್ ಇಳಿಯಲಿಲ್ಲ ಅಷ್ಟೆ.

ವಾರಸುದಾರರು ನಾಲ್ಕು ಜನ. ಇಬ್ಬರು ಊರಲ್ಲೇ, ಒಬ್ಬರು ಹುಬ್ಬಳ್ಳಿ, ಒಬ್ಬರು ಪುಣೆ. ಊರಲ್ಲಿರುವ ಅಣ್ಣತಮ್ಮಂದಿರಿಗೆ ಆಸ್ತಿ ಪಾಲಿನ ವಿಷಯಕ್ಕೆ ಮಾತುಕತೆ ಇಲ್ಲ.

ಹಳೇಟಪಾಲು

ನಾನು ನಿವೃತ್ತ. ಪುರಸಭೆಯಲ್ಲೇ ಗುಮಾಸ್ತನಾಗಿ ಸೇರಿ ಅಲ್ಲೇ ಹೊರಗೆ ಬಂದವನು, ನಿಮ್ಮೂರಲ್ಲ. ಒಳಗಿನ ನಾಲ್ಕು ಮಾತು ಹೇಳ್ತೀನಿ.

ಫೈಲು ವಾಪಸ್ ಬಂತು ಅಂದಿರಿ. ಬಾಯಲ್ಲಿ ಹೇಳಿದರಾ, ಹಿಂಬರಹ (ಕಾರಣ ಬರೆದ ಲಿಖಿತ ಉತ್ತರ) ಕೊಟ್ಟರಾ? ಹಿಂಬರಹ ಇಲ್ಲದೆ ಇದ್ದರೆ ನಿಮ್ಮ ಕೈಲಿ ಏನೂ ಇಲ್ಲ ಅಂತಲೇ ಲೆಕ್ಕ. ಇವತ್ತು ಚಕ್ಕುಬಂದಿ ಅಂದವರು ನಾಳೆ ಇನ್ನೇನೋ ಅನ್ನಬಹುದು, ಆ ಜೆಇಗೆ ವರ್ಗ ಆದರೆ ಹೊಸಬರು ಮೊದಲಿನಿಂದ ಶುರು ಮಾಡಬಹುದು. "ಸಾರ್, ಇಂತಿಂಥ ಕಾರಣಕ್ಕೆ ಹಿಂತಿರುಗಿಸಿದೆ ಅಂತ ಹಿಂಬರಹ ಕೊಡಿ" ಅನ್ನಿ. ಗಲಾಟೆ ಬೇಡ, ಮೆತ್ತಗೆ ಕೇಳಿ. ಕೊಡೋಲ್ಲ ಅಂದರೆ ಒಂದು ಅರ್ಜಿ ಬರೆದು ಇನ್‌ವರ್ಡ್‌ನಲ್ಲಿ ಕೊಟ್ಟು, ನಿಮ್ಮ ಪ್ರತಿ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಸೀಲು, ಸಹಿ, ತಾರೀಕು ಮೂರೂ ಇರಲಿ.

ಎರಡನೇದು, ಸಕಾಲದ (ಸರ್ಕಾರಿ ಸೇವೆ ಇಂತಿಷ್ಟು ದಿನದಲ್ಲಿ ಕೊಡಬೇಕು ಅನ್ನೋ ಕಾಯ್ದೆ) ನಂಬರ್ ತಗೊಂಡಿದ್ದೀರಾ? ಆ 15 ಅಂಕಿಯ ಜಿಎಸ್‌ಸಿ ನಂಬರ್. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಅಂತ ಕಾಯ್ದೆಯಲ್ಲಿದೆ. ಆ ದುಡ್ಡು ಯಾರಿಗೂ ದೊಡ್ಡದಲ್ಲ. ಆದರೆ ಆ ನಂಬರ್ ಇದ್ದರೆ ಫೈಲು ಮೇಲಿನವರ ಪಟ್ಟಿಯಲ್ಲಿ ಬಾಕಿ ಅಂತ ಕಾಣುತ್ತೆ, ಅದಕ್ಕೆ ಮಾತ್ರ ಹೆದರುತ್ತಿದ್ದೆವು ನಾವು.

ಮೂರನೇದು ಮುಖ್ಯ. ವಾರಸುದಾರರ ಹತ್ತಿರ ಬರಿಗೈಲಿ ಹೋಗಬೇಡಿ. "ನಿಮ್ಮಪ್ಪ ಮಾರಿದ ಸೈಟಿಗೆ ಸಹಿ ಹಾಕಿ" ಅಂದರೆ ಯಾರೇ ಆದರೂ ಅನುಮಾನ ಪಡ್ತಾರೆ, ಸೈಟಿನ ರೇಟು ಈಗ ಏನಿದೆ ನೋಡಿ. ತಪ್ಪು ಬರೀ ಟೈಪಿನದು ಅಂತ ತೋರಿಸೋ ಕಾಗದ ಮೊದಲು ಹುಡುಕಿ. 14ನೇ ಸೈಟಿನವರ ಕ್ರಯಪತ್ರದ ದೃಢೀಕೃತ ನಕಲನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ತೆಗೆಸಿ. ಅವರದ್ದರಲ್ಲಿ "ಪಶ್ಚಿಮಕ್ಕೆ 13ನೇ ನಂಬರ್" ಅಂತ ಇದ್ದೇ ಇರುತ್ತೆ. ಬಡಾವಣೆಯ ಮೂಲ ನಕ್ಷೆಯ ಪ್ರತಿಯನ್ನೂ ತಗೊಳ್ಳಿ.

ಕಟ್ಟಿನೋಡು

ಮೂಲ ನಕ್ಷೆ ಕೇಳಿದೆ ಸಾರ್. "ಹಳೇದು, ಹುಡುಕಬೇಕು" ಅಂದರು.

ಹಳೇಟಪಾಲು

ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ದಾಟಬಾರದು. ಹಾಗಾಗಿ ನಿಮ್ಮ ತಂದೆಯವರ ಕಥೆ ಎಲ್ಲ ಬೇಡ. "ಇಂಥ ಬಡಾವಣೆಯ ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ ಕೊಡಿ", ಒಂದೇ ಸಾಲು. 30 ದಿನದಲ್ಲಿ ಉತ್ತರ ಕೊಡಬೇಕು. ಅಷ್ಟು ದಿನ ಕಳೆದರೆ ಮೇಲ್ಮನವಿ.

ಹೋಗುವಾಗ ಏಪ್ರಿಲ್ ತಿಂಗಳು ತಪ್ಪಿಸಿ. ತೆರಿಗೆ ಮೇಲೆ 5 ಪರ್ಸೆಂಟ್ ರಿಯಾಯಿತಿ ಅಂತ ಇಡೀ ಊರು ಅಲ್ಲೇ ಇರುತ್ತೆ. ಸೋಮವಾರವೂ ಬೇಡ.

ಕೆಂಪುಕಲ್ಲು

ನೀವೆಲ್ಲ ಪುಣ್ಯವಂತರು ಮಾರಾಯ್ರೆ, ಒಂದೇ ಆಫೀಸು. ನಾನು ಉಡುಪಿ ಜಿಲ್ಲೆ, ಪಂಚಾಯತ್ ವ್ಯಾಪ್ತಿ. ಅಜ್ಜನ ಜಾಗದಲ್ಲಿ 10 ಸೆಂಟ್ಸ್‌ನಲ್ಲಿ ಒಂದು ಮನೆ, ಅಷ್ಟೇ ನನ್ನ ಕನಸು. ಮೊದಲು ಸರ್ವೆಯವರಿಂದ 11ಇ ನಕ್ಷೆ (ಜಾಗವನ್ನು ಅಳೆದು ಬೇರ್ಪಡಿಸಿ ತೋರಿಸುವ ನಕ್ಷೆ). ಆಮೇಲೆ ಕನ್ವರ್ಷನ್, ಅಂದರೆ ಕೃಷಿ ಜಮೀನಿನ ಭೂ ಪರಿವರ್ತನೆ. ಆಮೇಲೆ ಯೋಜನಾ ಪ್ರಾಧಿಕಾರಕ್ಕೆ ಹೋಗಿ ಏಕನಿವೇಶನ (ಒಂದೇ ಸೈಟಿನ) ವಿನ್ಯಾಸ ನಕ್ಷೆ. ಅದಾದ ಮೇಲೆ 9/11, ಪಂಚಾಯತ್‌ನ ಆಸ್ತಿ ದಾಖಲೆ. ಕೊನೆಗೆ ಪಂಚಾಯತ್ ಲೈಸೆನ್ಸ್. ನಮ್ಮ ಕಡೆ "ನೈನ್ ಇಲೆವೆನ್" ಅಂದರೆ ಅಮೆರಿಕದ ನೆನಪು ಯಾರಿಗೂ ಬರುವುದಿಲ್ಲ, ಫಾರಂ 9 ಮತ್ತು 11ಎ ನೆನಪಾಗಿ ಹೊಟ್ಟೆ ಉರಿಯುತ್ತದೆ.

ನನಗೆ ಸಿಟ್ಟು ಎಲ್ಲಿ ಅಂದರೆ, ಲೇಔಟ್ ಮಾಡಿ ನೂರು ಸೈಟು ಮಾರುವವನಿಗೂ, ಒಂದೇ ಮನೆ ಕಟ್ಟುವ ನನಗೂ ಹೆಚ್ಚುಕಮ್ಮಿ ಒಂದೇ ಬಾಗಿಲು. ರಸ್ತೆಗೆ ಜಾಗ ಬಿಡಿ ಅಂದರು, ಬಿಟ್ಟೆ. ಅದಕ್ಕೆ ಅಜ್ಜ ನೆಟ್ಟ ಹಲಸಿನ ಮರ ಹೋಯಿತು. ರಸ್ತೆ ಮಾತ್ರ ಇನ್ನೂ ಬಂದಿಲ್ಲ.

ಪ್ಲಿಂತ್‌ಮಟ್ಟ

@ಕೆಂಪುಕಲ್ಲು ನಿಮ್ಮ ಸಿಟ್ಟು ಸರಿ. ಆದರೆ ಏಕನಿವೇಶನ ಇಲ್ಲದಿದ್ದ ಕಾಲದಲ್ಲಿ ಏನಾಯಿತು ಅಂತಲೂ ನೋಡಿದ್ದೇನೆ. ಒಂದೊಂದೇ ಸೈಟು ಅಂತ ಹೇಳಿ ಹತ್ತಿಪ್ಪತ್ತು ಮನೆ ಎದ್ದವು, ಹಿಂದಿನ ಮನೆಗೆ ದಾರಿಯೇ ಇಲ್ಲ. ಯಾರಾದರೂ ತೀರಿಕೊಂಡರೆ ಪಕ್ಕದವರ ಕಾಂಪೌಂಡ್ ದಾಟಿಸಿ ಸಾಗಿಸೋ ಸ್ಥಿತಿ. ನಿಯಮ ಬೇಕು, ಒಂದು ಮನೆಗೆ ಒಂದು ಕಿಟಕಿ ಅಂತಲೂ ಆಗಬೇಕು. ಇವೆರಡನ್ನೂ ಒಟ್ಟಿಗೆ ಕೇಳೋಕೆ ನಮಗೆ ಬರಲ್ಲ.

ಕೋಟೆಹಿಂದಿನಮನೆ

ಶ್ರೀರಂಗಪಟ್ಟಣದವಳು. ನಮ್ಮದು ಇನ್ನೊಂದು ಥರ. ಮುತ್ತಾತನ ಕಾಲದ ಮನೆ, ಹಿಂದಿನ ಗೋಡೆ ಬಿರುಕು ಬಿಟ್ಟಿದೆ. ಖಾತೆ ಸರಿ, ಚಕ್ಕುಬಂದಿ ಸರಿ, ಎಲ್ಲ ಸರಿ. ಆದರೆ ರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಇದ್ದೇವೆ. 2010ರ ತಿದ್ದುಪಡಿ ಆದಮೇಲೆ ಕಾನೂನು ಸ್ಪಷ್ಟ. ಆ 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಗೊಂಡು ಕಟ್ಟಬಹುದು. ಒಳಗಿನವರಿಗೆ ಇರೋದು ರಿಪೇರಿ ಮಾತ್ರ, ಅದಕ್ಕೂ ಅನುಮತಿ ಬೇಕು.

ಈಗ ರಿಪೇರಿ ಯಾವುದು, ಹೊಸದು ಯಾವುದು ಅನ್ನೋದೇ ಜಗಳ. ಬಿರುಕಿಗೆ ಗಾರೆ ಮೆತ್ತಿದರೆ ರಿಪೇರಿ. ಗೋಡೆ ಬಿಚ್ಚಿ ಅದೇ ಜಾಗದಲ್ಲಿ ಕಟ್ಟಿದರೆ? ನಮ್ಮತ್ತೆ ಕೇಳ್ತಾರೆ, "ನಮ್ಮನೇನೂ ಹಳೇದೇ ಅಲ್ವಾ, ಇದನ್ನೂ ಸ್ಮಾರಕ ಅಂತ ಬರ್ಕೊಂಡು ಅವರೇ ರಿಪೇರಿ ಮಾಡಿಸ್ಲಿ."

ಈ ಥರ ಊರಲ್ಲಿ ಸೈಟು ಕೊಳ್ಳೋರಿಗೆ ಒಂದು ಮಾತು. ಬಾದಾಮಿ ಆಗಲಿ, ನಮ್ಮೂರಾಗಲಿ, ಸೈಟು ಅಗ್ಗಕ್ಕೆ ಸಿಗ್ತಿದೆ ಅಂದರೆ ಮೊದಲು ಸ್ಮಾರಕ ಎಷ್ಟು ದೂರ ನೋಡಿ. ಮಾರುವವರು ಅದೊಂದನ್ನು ಮಾತ್ರ ಹೇಳಲ್ಲ.

ರೊಟ್ಟಿಪಲ್ಯ

ಅಕ್ಕಾರ, ನಿಮ್ಮ ಅತ್ತೆಯವರ ಮಾತು ಖರೇ ಅದ. ಪ್ಲಿಂತ್‌ಮಟ್ಟ ಸರ್, ನಿಮ್ಮ ಮಾತಿಗೂ ಬರತೀನಿ. ಕಾನೂನು ನನಗೂ ಗೊತ್ತದ. ಆದರ ಲೈಸೆನ್ಸ್ ತಗೊಂಡವರೂ ನಕ್ಷೆ ಪ್ರಕಾರ ಕಟ್ಟಂಗಿಲ್ಲಲ್ಲ? ಕಾಗದದಾಗ ಸುತ್ತಲೂ ಜಾಗ, ನೆಲದ ಮ್ಯಾಲೆ ಗ್ವಾಡಿಗೆ ಗ್ವಾಡಿ. ಆ ನಕ್ಷೆ ತಗದವರು ಯಾರು? ನಿಮ್ಮಂಥ ಇಂಜಿನಿಯರ್ರೇ.

ಪ್ಲಿಂತ್‌ಮಟ್ಟ

ಸರಿಯಾಗಿ ಕುಟ್ಟಿದಿರಿ. ಹೌದು. ಇದಕ್ಕೆ ನಮ್ಮಲ್ಲೇ ಒಂದು ಹೆಸರಿದೆ, "ಲೈಸೆನ್ಸ್ ಪ್ಲಾನು" ಮತ್ತು "ವರ್ಕಿಂಗ್ ಪ್ಲಾನು". ಒಂದು ಆಫೀಸಿಗೆ, ಒಂದು ಮೇಸ್ತ್ರಿಗೆ. ಮನೆಯವರು ಬಂದ ಮೊದಲ ದಿನವೇ ಕೇಳ್ತಾರೆ, "ಸಾರ್, ಆಫೀಸಿಗೆ ಏನು ಬೇಕೋ ಎಳೀರಿ, ನಮಗೆ ಮೂರು ಬೆಡ್‌ರೂಮ್ ಬರಬೇಕು." ನಾನು ಒಪ್ಪಲಿಲ್ಲ ಅಂದರೆ ಎದುರಿನ ಅಂಗಡಿಯವನು ಒಪ್ತಾನೆ. ಕೆಲವು ಸಲ ನಾನೂ ಒಪ್ಪಿದ್ದೇನೆ, ಸುಳ್ಳು ಹೇಳಲ್ಲ.

ಆದರೆ ಸೆಟ್‌ಬ್ಯಾಕ್ (ಮನೆ ಸುತ್ತ ಬಿಡೋ ಜಾಗ) ಸುಮ್ನೆ ಇಟ್ಟಿಲ್ಲ. 2017ರ ಮಾದರಿ ಉಪವಿಧಿಗಳಲ್ಲಿ ಸೈಟಿನ ಉದ್ದಗಲ ನೋಡಿ ಎಷ್ಟು ಬಿಡಬೇಕು, ರಸ್ತೆ ಅಗಲ ನೋಡಿ ಎಷ್ಟು ಎತ್ತರಕ್ಕೆ, ಎಷ್ಟು ಚದರಡಿ ಕಟ್ಟಬಹುದು ಅಂತ ಕೋಷ್ಟಕವೇ ಇದೆ. ಬದಿಯಲ್ಲಿ ಮೂರು ಅಡಿ ಬಿಟ್ಟರೆ ಗಾಳಿ ಬೆಳಕು ಒತ್ತಟ್ಟಿಗಿರಲಿ, ನಿಮ್ಮದೇ ಗೋಡೆಗೆ ಹೊರಗಿನಿಂದ ಗಾರೆ ಹಾಕೋಕೆ, ಬಣ್ಣ ಹೊಡೆಯೋಕೆ ಜಾಗ ಇರುತ್ತೆ. ಗೋಡೆಗೆ ಗೋಡೆ ಅಂಟಿಸಿದ ಮನೆಗಳಲ್ಲಿ ಮೂರನೇ ಮಳೆಗಾಲಕ್ಕೆ ಒಳಗೆ ಹಸಿ ಬರುತ್ತೆ, ಹೊರಗಿನಿಂದ ರಿಪೇರಿ ಮಾಡೋಕೆ ಕೈ ತೂರಲ್ಲ. ಆಗ ನನಗೇ ಫೋನ್ ಬರೋದು.

ದೇರಾಕನ್ನಡಿಗ

ನಾನು ದುಬೈಯಲ್ಲಿದ್ದೇನೆ, ಊರಲ್ಲಿ ತಮ್ಮನ ಕೈಲಿ ಮನೆ ಕಟ್ಟಿಸುತ್ತಿದ್ದೇನೆ. ಪುಣೆಯವರು ಬರೋಕಾಗಲ್ಲ ಅಂದರೆ ಜಿಪಿಎ (ಬೇರೆಯವರು ತಮ್ಮ ಪರವಾಗಿ ಸಹಿ ಹಾಕೋಕೆ ಕೊಡೋ ಅಧಿಕಾರ ಪತ್ರ) ಮಾಡಿಸಬಹುದಲ್ಲ? ನಾನು ಇಲ್ಲಿನ ಕಾನ್ಸುಲೇಟ್‌ನಲ್ಲಿ ಸಹಿ ಮಾಡಿ ಕಳಿಸಿದೆ. ಒಂದು ತಪ್ಪು ಮಾಡಿದೆ, ನೀವ್ಯಾರೂ ಮಾಡಬೇಡಿ. ಹೊರಗಡೆ ಬರೆದ ಪತ್ರ ಕರ್ನಾಟಕಕ್ಕೆ ಬಂದ ಮೂರು ತಿಂಗಳ ಒಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ನನ್ನ ತಮ್ಮ ಕವರನ್ನು ದೇವರ ಮನೆಯಲ್ಲಿಟ್ಟು ಪೂಜೆ ಮಾಡಿ ಅಲ್ಲೇ ಬಿಟ್ಟಿದ್ದ. ನಾಲ್ಕೂವರೆ ತಿಂಗಳು.

ಹಳೇಟಪಾಲು

ಪುಣೆಯವರಿಗೂ ಅದೇ ನಿಯಮ, ಹೊರ ರಾಜ್ಯ ಅಲ್ವಾ. ಆದರೆ ಜಿಪಿಎ ಯಾರ ಹೆಸರಿಗೆ ಕೊಡ್ತಾರೆ? ಮಾತು ಬಿಟ್ಟ ತಮ್ಮಂದಿರ ಹೆಸರಿಗಾ? ಅವರೇ ಬಂದು ಸಹಿ ಹಾಕೋ ಹಾಗೆ ನೋಡಿ. ನಿಮ್ಮೂರ ಜಾತ್ರೆ ಯಾವಾಗ?

ಕಟ್ಟಿನೋಡು

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ ಸಾರ್. ತೇರು ಇನ್ನು ಐದು ವಾರಕ್ಕೆ. ಪುಣೆಯವರು ಪ್ರತಿ ವರ್ಷ ಬರ್ತಾರಂತೆ, ಅಪ್ಪ ವಿಚಾರಿಸಿದರು.

ಕಟ್ಟಿನೋಡು (ಎರಡು ತಿಂಗಳ ನಂತರ)

ಕೆಲವರು ಮೆಸೇಜ್ ಮಾಡಿ ಏನಾಯಿತು ಅಂತ ಕೇಳಿದ್ದೀರಿ, ಇಲ್ಲೇ ಬರೆಯುತ್ತೇನೆ.

ಹಿಂಬರಹ ಸಿಕ್ಕಿತು, ಮೂರನೇ ಸಲ ಕೇಳಿದಾಗ. ಮಾಹಿತಿ ಹಕ್ಕಿನಲ್ಲಿ ಮೂಲ ನಕ್ಷೆ 27ನೇ ದಿನಕ್ಕೆ ಬಂತು. ಮಡಿಕೆ ಬಿದ್ದ ಕಡೆಯೆಲ್ಲ ಹರಿದಿರುವ ಅಮೋನಿಯಾ ಪ್ರಿಂಟಿನ ಜೆರಾಕ್ಸ್, ಆದರೂ 13, 14 ನಂಬರ್ ಮತ್ತು ಉತ್ತರ ದಿಕ್ಕಿನ ಬಾಣ ಸ್ಪಷ್ಟವಾಗಿವೆ. ಪಕ್ಕದವರ ಕ್ರಯಪತ್ರದಲ್ಲಿ ಹಳೇಟಪಾಲು ಸಾರ್ ಹೇಳಿದ್ದೇ ಇತ್ತು, "ಪಶ್ಚಿಮಕ್ಕೆ 13ನೇ ನಂಬರ್ ಸೈಟು".

ತೇರಿನ ಮಾರನೇ ದಿನ ಅಪ್ಪ ಬಿಳಿ ಅಂಗಿ ಹಾಕ್ಕೊಂಡು, ಈ ಮೂರೂ ಕಾಗದವನ್ನು ನಮ್ಮ ಕ್ರಯಪತ್ರದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಅವರ ಮನೆಗೆ ಹೋದರು. ನಾನು ಜೊತೆಗೆ. ಅಣ್ಣತಮ್ಮಂದಿರು ಒಂದೇ ಪಡಸಾಲೆಯಲ್ಲಿ ಬೇರೆ ಬೇರೆ ಮೂಲೆಯಲ್ಲಿ ಕೂತಿದ್ದರು. ದೊಡ್ಡವರು ಕನ್ನಡಕ ಹಾಕಿ ನಮ್ಮ ಕ್ರಯಪತ್ರ ಓದುತ್ತಾ ಓದುತ್ತಾ ಕೊನೆಯ ಪುಟದಲ್ಲಿ ಅವರಪ್ಪನ ಸಹಿ ಹತ್ತಿರ ನಿಂತುಬಿಟ್ಟರು. ಮೋಡಿ ಅಕ್ಷರದ ಹಾಗೆ ಸುತ್ತಿ ಸುತ್ತಿ ಹಾಕಿದ ಸಹಿ. ತಮ್ಮನ್ನ ಕರೆದು ತೋರಿಸಿದರು. ಅಲ್ಲಿಗೆ ಮಾತು ಶುರುವಾಯಿತು, ನಮ್ಮ ಸೈಟಿನ ಬಗ್ಗೆ ಅಲ್ಲ, ಅವರಪ್ಪ ಹೀಗೆ ಸಹಿ ಹಾಕೋದು ಎಲ್ಲಿ ಕಲಿತರು ಅಂತ. ಎರಡು ದಿನದ ಮೇಲೆ ನಾಲ್ಕೂ ಜನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದರು. ಹುಬ್ಬಳ್ಳಿಯ ಅಕ್ಕನ ಹೆಬ್ಬೆಟ್ಟು ಯಂತ್ರದಲ್ಲಿ ಬೀಳಲೇ ಇಲ್ಲ, ಪಾತ್ರೆ ತಿಕ್ಕಿ ತಿಕ್ಕಿ ಗೆರೆ ಸವೆದಿತ್ತು. ಏಳನೇ ಸಲಕ್ಕೆ ಕಿರುಬೆರಳು ಹಿಡಿಯಿತು.

ಅವರಿಗೆ ಕೊಟ್ಟದ್ದು ಒಂದೊಂದು ಪಂಚೆ, ಅಕ್ಕನಿಗೆ ಒಂದು ಸೀರೆ, ಆಮೇಲೆ ಖಾನಾವಳಿಯಲ್ಲಿ ಊಟ. ಬೇರೆ ಏನೂ ಕೇಳಲಿಲ್ಲ.

ಈಗ ಇ-ಖಾತೆ ತಿದ್ದುಪಡಿಗೆ ಕೊಟ್ಟಿದ್ದೇನೆ. ಒಂದು ಪ್ರಶ್ನೆ ಇದೆ. ಶುಲ್ಕದ ಅಂದಾಜಿನಲ್ಲಿ ಕಾರ್ಮಿಕ ಸೆಸ್ ಅಂತ 22,000 ತೋರಿಸುತ್ತಿದ್ದಾರೆ. ಇದು ಸರೀನಾ, ಅಥವಾ ಚಹಾ ಅಂಗಡಿಯವರದಾ?

ಪ್ಲಿಂತ್‌ಮಟ್ಟ

ಸಹಿಯ ಭಾಗ ಎರಡು ಸಲ ಓದಿದೆ.

ಸೆಸ್ ಅನ್ನೋದು ಚಹಾ ಅಂಗಡಿಯವರದಲ್ಲ, ಕಾನೂನಿನದೇ. ಆದರೆ ನಿಮಗೆ ಅನ್ವಯಿಸುತ್ತಾ ಅಂತ ಆಫೀಸಿನಲ್ಲಿ ಕೇಳಿ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ 1996ರ ಕಾಯ್ದೆ ಇತ್ತು, ನಿರ್ಮಾಣ ವೆಚ್ಚದ 1 ಪರ್ಸೆಂಟ್. ನಿಮ್ಮ ಅಂದಾಜು 22 ಲಕ್ಷ ಇರಬೇಕು. ಸ್ವಂತ ವಾಸಕ್ಕೆ ಕಟ್ಟುವ 10 ಲಕ್ಷದ ಒಳಗಿನ ಮನೆಗೆ ಆ ಕಾಯ್ದೆಯಲ್ಲೇ ವಿನಾಯಿತಿ ಇತ್ತು, ಈಗಿನ ಸಿಮೆಂಟು ಕಬ್ಬಿಣದ ರೇಟಿನಲ್ಲಿ 10 ಲಕ್ಷಕ್ಕೆ ಜಗಲಿ ಬರುತ್ತೆ. 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಆ ಮಿತಿ 50 ಲಕ್ಷ. ಕಟ್ಟಬೇಕಾಗಿ ಬಂದರೆ ರಸೀದಿ ತಪ್ಪದೆ ತಗೊಳ್ಳಿ. ಮತ್ತೆ ನಿಮ್ಮ ಮೇಸ್ತ್ರಿ, ಆಳುಗಳು ಕಾರ್ಮಿಕ ಕಾರ್ಡ್ ಮಾಡಿಸಿದ್ದಾರಾ ಕೇಳಿ. ಮಾಡಿಸಿಲ್ಲದೆ ಇದ್ದರೆ ಮಾಡಿಸಿ, ಈ ದುಡ್ಡು ಸೇರೋದು ಅವರ ಮಂಡಳಿಗೇ.

ಬೇರೆ ಶುಲ್ಕಗಳು, ಲೈಸೆನ್ಸ್ ಫೀಸು, ಅಭಿವೃದ್ಧಿ ಶುಲ್ಕ, ರಸ್ತೆ ಅಗೆತದ್ದು, ಊರಿಂದೂರಿಗೆ ಬೇರೆ. ಪ್ರತಿಯೊಂದಕ್ಕೂ ಚಲನ್ ಕೇಳಿ. ಚಲನ್ ಬರದ ಯಾವುದೂ ಶುಲ್ಕ ಅಲ್ಲ.

ಕಟ್ಟಿನೋಡು (ಇನ್ನೂ ಏಳು ವಾರದ ನಂತರ)

ಲೈಸೆನ್ಸ್ ಬಂತು! ಪಿಡಿಎಫ್ ಬಂದ ಕೂಡಲೇ ಅಪ್ಪನಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಮಾತು, "ರಸ್ತೆ ಯಾವ ಕಡೆ ಹಾಕಿದ್ದಾರೆ?" ಪಶ್ಚಿಮಕ್ಕೇ ಇದೆ, ನೋಡಿದೆ. ಎರಡು ವರ್ಷದ ಅವಧಿ ಅಂತ ಅಚ್ಚಾಗಿದೆ.

ಇನ್ನೇನು ಗುದ್ದಲಿ ಪೂಜೆ ಅಂತ ಮೇಸ್ತ್ರಿಗೆ ಹೇಳಿದರೆ ಅಮ್ಮ ಫೋನ್ ಕಿತ್ತುಕೊಂಡರು. ನಿನ್ನೆಯಿಂದ ಆಷಾಢ ಅಂತೆ.

ಕೆಂಪುಕಲ್ಲು

ನಮ್ಮಲ್ಲಿ ಆಟಿ ಅಂತ ಹೇಳಿ ಅದೇ ಕಥೆ. ಸರಕಾರದ್ದು ಮುಗಿದರೆ ಪಂಚಾಂಗದ್ದು. ಬಾವಿಯೋ ಬೋರೋ ನೀರಿನ ವ್ಯವಸ್ಥೆ ಅಷ್ಟರಲ್ಲಿ ನೋಡಿಕೊಳ್ಳಿ.

ರೊಟ್ಟಿಪಲ್ಯ

ಕಂಗ್ರಾಟ್ಸ್ ಅಣ್ಣಾ. ನಾನೂ ನಮ್ಮ ಸೈಟಿನ ಖರೀದಿ ಪತ್ರ ತಗದು ನೋಡಿದೆ. ನಮ್ಮ ದಕ್ಷಿಣಕ್ಕ ಇರೋ ಹಳ್ಳಾನೇ ಕಾಗದದಾಗ ಇಲ್ಲ. ಇನ್ನ ನಗೋದು ಬಿಟ್ಟೆ.

ಸುಮ್ನೆನೋಡ್ತಿದ್ದೆ

ಹಾಯ್, ಹೊಸಬ. ಈ ಚರ್ಚೆ ಪೂರ್ತಿ ಒಂದೇ ಸಲಕ್ಕೆ ಓದಿದೆ. ನಮ್ಮದು ಪಟ್ಟಣ ಪಂಚಾಯಿತಿ, ರೆವಿನ್ಯೂ ಸೈಟು (ಕೃಷಿ ಜಮೀನಿನಲ್ಲಿ ಮಾಡಿದ್ದು), 2025ರ ಅಭಿಯಾನದಲ್ಲಿ ಬಿ ಖಾತೆ ಮಾಡಿಸಿದ್ವಿ. ತೆರಿಗೆನೂ ಕಟ್ಟಿದ್ದೀವಿ. ಇದರ ಮೇಲೆ ಲೈಸೆನ್ಸ್ ಕೊಡ್ತಾರಾ? ಸೈಟು 40×60 ಅಂತ ಬರೆದಿದೆ.

ಹಳೇಟಪಾಲು

ತೆರಿಗೆ ಕಟ್ಟಿದ ಮಾತ್ರಕ್ಕೆ ಸೈಟು ಸಕ್ರಮ ಆಗಲ್ಲ ಮಗಾ. ಬಿ ಖಾತೆ ಅಂದರೆ ಈ ಆಸ್ತಿ ಲೆಕ್ಕದಲ್ಲಿದೆ, ತೆರಿಗೆ ಬರಬೇಕು ಅಂತ ಅಷ್ಟೇ. ಭೂ ಪರಿವರ್ತನೆ ಆಗಿದೆಯಾ, ಬಡಾವಣೆ ನಕ್ಷೆಗೆ ಅನುಮೋದನೆ ಇದೆಯಾ, ಈ ಎರಡರ ಕಾಗದ ಇದ್ದರೆ ತಗೊಂಡು ಬಾ, ಮಾತಾಡೋಣ. ಇಲ್ಲದೆ ಇದ್ದರೆ ಸದ್ಯಕ್ಕೆ ಇಟ್ಟಿಗೆಗೆ ಮುಂಗಡ ಕೊಡಬೇಡ.

ಕಟ್ಟಿನೋಡು

40×60 ಅಂತ ಬರೆದಿದೆ ಸರಿ. ಅಳೆದಿದ್ದೀರಾ?

ಸುಮ್ನೆನೋಡ್ತಿದ್ದೆ

ಇಲ್ಲ ಸಾರ್.

ಕಟ್ಟಿನೋಡು

ಭಾನುವಾರ ಒಬ್ಬರನ್ನು ಜೊತೆಗೆ ಕರ್ಕೊಂಡು ಹೋಗಿ. ಟೇಪು ಬಿಗಿಯಾಗಿ ಎಳೀರಿ. ಬೆಳಗ್ಗೆ ಆರೂವರೆಗೆ ಹೋದರೆ ಪೂರ್ವ ಯಾವುದು ಅಂತಲೂ ಗೊತ್ತಾಗುತ್ತೆ.